ರೆಕ್ಕೆ ಮೊದಲು, ಉಸಿರು ಆಮೇಲೆ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿ ಗಾಜುಗಳು ಒಮ್ಮೆಲೇ ಅದುರಿದವು. ಅದು ಕೊರೊನಾ ಕಾಲ. ರಸ್ತೆಗಳಲ್ಲಿ ಗದ್ದಲ ಕಡಿಮೆಯಿದ್ದುದರಿಂದ ಸದ್ದು ಇನ್ನೂ ದೊಡ್ಡದಾಗಿ ಕೇಳಿಸಿತು. ಭೂಕಂಪವಿರಬಹುದೆಂದು ಜನ ಗಾಬರಿಯಾದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳಲ್ಲಿ ಅಂಥದ್ದೇನೂ ದಾಖಲಾಗಿಲ್ಲ ಎಂದಿತು. ಕೊನೆಗೆ ರಕ್ಷಣಾ ಇಲಾಖೆಯಿಂದ ವಿವರಣೆ ಬಂತು: ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟಕ್ಕೆ ಹೋಗಿತ್ತು, ನಗರದಿಂದ ದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದವನ್ನು ಮೀರಿದ ವೇಗದಿಂದ ಅದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುವಾಗ ಈ ಸದ್ದು ಹುಟ್ಟಿರಬೇಕು, ಇಂಥ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲದು. ಆ ಅಳತೆಯ ದಾರವೊಂದನ್ನು ಬೆಂಗಳೂರಿನಿಂದ ಉತ್ತರಕ್ಕೂ ಈಶಾನ್ಯಕ್ಕೂ ಎಳೆದು ನೋಡಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳು ಅದರೊಳಗೆ ಸಲೀಸಾಗಿ ಬೀಳುತ್ತವೆ; ಗೌರಿಬಿದನೂರು, ಚಿಂತಾಮಣಿಗಳು ಅದರ ಅಂಚಿಗೆ ಬರುತ್ತವೆ. ನಮ್ಮ ನೆತ್ತಿಯ ಮೇಲೆ ಶಬ್ದವನ್ನು ಮೀರಿ ಹಾರುವ ವಿಮಾನದ ಕಥೆ ಈ ವೃತ್ತದ ಒಳಗೇ ನಡೆದದ್ದು. ಅದರ ಮೊದಲ ಅಧ್ಯಾಯ ಬೆಂಗಳೂರಿಗಿಂತ ಮುಂಚೆ ಚಿಕ್ಕಬಳ್ಳಾಪುರಕ್ಕೆ ಕೂಗಳತೆಯಲ್ಲಿರುವ ಮುದ್ದೇನಹಳ್ಳಿಯ ಒಬ್ಬ ಮನುಷ್ಯನ ತಲೆಯಲ್ಲಿ ಶುರುವಾಯಿತೆಂದರೆ ಅತಿಶಯವಲ್ಲ.

ಭಾರತ ತಾನೇ ರೂಪಿಸಿದ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್‌-24 ಮಾರುತ. ಅದನ್ನು ಕೇಳಿದ್ದು ಶಬ್ದದ ಎರಡರಷ್ಟು ವೇಗಕ್ಕೆ. ಅದು ಹಾರಿದ್ದು ಶಬ್ದದ ವೇಗದ ಹೊಸ್ತಿಲವರೆಗೆ. ಈ ಕಥೆಯನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳಿಕೊಳ್ಳುತ್ತೇವೆ. ಒಂದು, ಬ್ರಿಟಿಷರು ಎಂಜಿನ್ ಕೊಡದೆ ಕೈಕೊಟ್ಟರು ಎಂಬ ದೂರು. ಇನ್ನೊಂದು, ದಿಲ್ಲಿಯವರು ಜಿಪುಣತನ ಮಾಡಿ ಚಿನ್ನದಂಥ ವಿಮಾನವನ್ನು ಹಾಳು ಮಾಡಿದರು ಎಂಬ ಹಳಹಳಿಕೆ. ಎರಡರಲ್ಲೂ ಸತ್ಯವಿದೆ, ಎರಡೂ ಅರ್ಧ ಸತ್ಯ. ನನ್ನ ವಾದ ಬೇರೆ: ಮಾರುತ ಸೋತದ್ದು ಹಣದ ಕೊರತೆಯಿಂದಲೋ ಪರರ ಮೋಸದಿಂದಲೋ ಅಲ್ಲ, ಕೆಲಸದ ಸರದಿ ತಿರುವುಮುರುವಾದದ್ದರಿಂದ. ಯಾವುದು ಮೊದಲಾಗಬೇಕಿತ್ತೋ ಅದು ಆಮೇಲೆ ಆಯಿತು. ಈ ಸರದಿಯ ಮಾತನ್ನು ಮಾರುತ ಹುಟ್ಟುವ ಇಪ್ಪತ್ತು ವರ್ಷ ಮೊದಲೇ ಒಬ್ಬರು ಬರೆದು, ಲೆಕ್ಕ ಹಾಕಿ, ಸರ್ಕಾರದ ಮುಂದೆ ಇಟ್ಟಿದ್ದರು.

ಅವರು ವಿಶ್ವೇಶ್ವರಯ್ಯ. ಕನ್ನಂಬಾಡಿ, ಭದ್ರಾವತಿಗಳ ಹೆಸರಿನಲ್ಲಿ ನಾವು ಅವರನ್ನು ನೆನೆಯುತ್ತೇವೆ, ಮೋಟಾರು ಕಾರಿನ ಹೆಸರಿನಲ್ಲಿ ನೆನೆಯುವುದಿಲ್ಲ. ಆದರೆ ದಿವಾನಗಿರಿ ಬಿಟ್ಟ ಹದಿನೈದಕ್ಕೂ ಹೆಚ್ಚು ವರ್ಷಗಳ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರನ್ನು ಕಾಡಿದ್ದು ಕಾರಿನ ಕಾರ್ಖಾನೆಯೇ. 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಅಲ್ಲಿನ ಮೋಟಾರು ಉದ್ಯಮವನ್ನು ಕಂಡು ಬಂದು, ಮರುವರ್ಷ ಯೋಜನೆಯೊಂದನ್ನು ಸಿದ್ಧಪಡಿಸಿದರು. ಜೊತೆಗೆ ನಿಂತವರು ಉದ್ಯಮಿ ವಾಲಚಂದ್ ಹೀರಾಚಂದ್. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲ ಸೂಚಿಸಿತು, ಆ ಸರ್ಕಾರ ಹೋದ ಮೇಲೆ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಕೈ ಚಾಚಿದರು. ಸಂಸ್ಥಾನ ಹಣ ತೊಡಗಿಸಲು ಸಿದ್ಧವಿತ್ತು. ಬ್ರಿಟಿಷ್ ಭಾರತ ಸರ್ಕಾರ ಅಡ್ಡಗಾಲು ಹಾಕಿತು. ಯುದ್ಧದ ಹೊತ್ತಿನಲ್ಲಿ ಕಾರು ಬೇಡವೆಂಬುದು ಹೇಳಿಕೊಂಡ ಕಾರಣ. ವಿಶ್ವೇಶ್ವರಯ್ಯನವರಿಗೆ ಕಾರು ಎಂದರೆ ಸಾಹುಕಾರರ ಸವಾರಿಯಾಗಿರಲಿಲ್ಲ. ಕಾರು ಮಾಡಲು ಎರಕ ಬೇಕು, ಹದವಾದ ಉಕ್ಕು ಬೇಕು, ಕೂದಲೆಳೆಯ ಅಳತೆಗೆ ಕೊರೆಯುವ ಯಂತ್ರ ಬೇಕು, ಆ ಯಂತ್ರದ ಮುಂದೆ ನಿಲ್ಲುವ ಸಾವಿರಾರು ಕುಶಲ ಕೈಗಳು ಬೇಕು. ಇವೆಲ್ಲ ಒಂದೇ ಸೂರಿನಡಿ ಬೆಳೆಯುವ ಉದ್ಯಮ ಅದು. ಎಂಜಿನ್ ಮಾಡಲು ಕಲಿತ ನಾಡು ಬೇರೆ ಏನನ್ನಾದರೂ ಮಾಡಬಲ್ಲದೆಂಬುದು ಅದರೊಳಗಿನ ಎಣಿಕೆ.

ಮುಂದಾದದ್ದು ಒಂದು ವಿಚಿತ್ರ ತಿರುವು. ಕಾರಿನ ಮಾತುಕತೆಗೆಂದು ಓಡಾಡುತ್ತಿದ್ದ ವಾಲಚಂದರಿಗೆ 1939ರಲ್ಲಿ ವಿಮಾನ ಪ್ರಯಾಣದಲ್ಲಿ ಪರಿಚಯವಾದದ್ದು ವಿಲಿಯಂ ಪಾಲಿ ಎಂಬ ಅಮೆರಿಕದವನು. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವನು. ಕಾರಿಗೆ ಸಿಗದ ಅನುಮತಿ ವಿಮಾನಕ್ಕೆ ಸಿಕ್ಕಿತು. ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳ ಹಾಕಿತು. 1941ರಲ್ಲಿ ಹಾರ್ಲೋ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಲಾಯಿತು, ಆಮೇಲೆ ಕರ್ಟಿಸ್ ಹಾಕ್. 1942ರಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡಿತು, 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದಾಗ ಉಳಿದದ್ದು ದೊಡ್ಡ ಶೆಡ್ಡುಗಳು, ತಗಡು ಬಗ್ಗಿಸುವ, ರಿವೆಟ್ ಹೊಡೆಯುವ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ನುರಿತ ಕೈಗಳು. ಆ ಕೈಗಳಿಗೆ ಕೆಲಸ ಕೊಡಲು ಕಾರ್ಖಾನೆ ರೈಲು ಡಬ್ಬಿಗಳನ್ನೂ ಬಸ್ಸಿನ ಮೈಗಳನ್ನೂ ಮಾಡಿತು; ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಗುಜರಿಯಿಂದ ಎತ್ತಿ ಹೊಸ ವಾಯುಪಡೆಗೆ ಹಾರುವಂತೆ ಮಾಡಿಕೊಟ್ಟಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಗಮನಿಸಬೇಕಾದ್ದು, ಇವೆಲ್ಲ ಮೈಯ ಕೆಲಸಗಳು. ಎಂಜಿನ್ ಪೆಟ್ಟಿಗೆಯಲ್ಲಿ ಬರುತ್ತಿತ್ತು. ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ತಳಪಾಯವಾಗಿದ್ದದ್ದನ್ನೇ ಬಿಟ್ಟು ಮೇಲಿನ ಮಹಡಿ ಎದ್ದಿತ್ತು.

ಯುದ್ಧದ ತುರ್ತು ಬಿಟ್ಟುಹೋಗುವುದೇನು ಎಂಬುದಕ್ಕೆ ಇದೇ ಸೀಮೆಯ ಇನ್ನೊಂದು ಕಸುಬಿನಲ್ಲಿ ಸಾಕ್ಷಿಯಿದೆ. ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟಿನ ಬಟ್ಟೆಗೆ ಮೈಸೂರಿನ ರೇಷ್ಮೆ ಬೇಕಾಯಿತು, ಬೆಲೆ ಏರಿತು, ಹಿಪ್ಪುನೇರಳೆ ತೋಟಗಳು ಹಬ್ಬಿದವು. ಯುದ್ಧ ಮುಗಿದೊಡನೆ ಬೇಡಿಕೆ ಕುಸಿಯಿತು. ಶಿಡ್ಲಘಟ್ಟದ ಬಿಚ್ಚಣಿಕೆ ಮನೆಗಳಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದರ ಒಳಗುಟ್ಟು ತಿಳಿಯುತ್ತದೆ. ಕುದಿನೀರಿನಲ್ಲಿ ತೇಲುವ ಗೂಡುಗಳ ಮೇಲಿನ ಜೊಂಡು ಎಳೆಗಳನ್ನು ಕೆರೆದು ತೆಗೆದು, ಒಂದೊಂದರ ನಿಜವಾದ ತುದಿಯನ್ನು ಹುಡುಕಿ ಹಿಡಿಯಬೇಕು. ಆ ತುದಿ ಸಿಕ್ಕರೆ ನೂರಾರು ಮೀಟರ್ ಎಳೆ ಒಂದೇ ಸಮನೆ ಬಿಚ್ಚಿಕೊಳ್ಳುತ್ತದೆ. ಸುಳ್ಳು ತುದಿ ಹಿಡಿದರೆ ಕೈಗೆ ಬರುವುದು ತ್ಯಾಜ್ಯ. ಕೈ ಎಷ್ಟೇ ಚುರುಕಾದರೂ ಗೂಡಿನ ತಳಿ ಸಣ್ಣದಾದರೆ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ, ದಪ್ಪ ಏರುಪೇರಾಗುತ್ತದೆ. ಅದಕ್ಕೆ ಪರಿಹಾರ ಸಿಕ್ಕಿದ್ದು ಬೆಲೆ ಏರಿದ್ದರಿಂದಲ್ಲ. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂದು, 1961ರಲ್ಲಿ ಮೈಸೂರಿನಲ್ಲಿ ಸಂಶೋಧನಾ ಸಂಸ್ಥೆ ಆಗಿ, 1991ರಿಂದ ಜಪಾನಿನ ತಜ್ಞರೊಂದಿಗೆ ಕೂತು ಕೆಲಸ ಮಾಡಿದ ಮೇಲೆ, ನಮ್ಮ ಹವೆಗೆ ಒಗ್ಗುವ ದ್ವಿತಳಿ ಹುಳುಗಳು ಮೈಸೂರಿನಲ್ಲೇ ರೂಪುಗೊಂಡವು. ಪ್ಯಾರಾಚೂಟಿನ ಕಾಲದಿಂದ ಅಲ್ಲಿಗೆ ಅರ್ಧ ಶತಮಾನ. ಮಗ್ಗಕ್ಕಿಂತ ಮೊದಲು ಬೀಜ ಸರಿಯಾಗಬೇಕೆಂಬ ಪಾಠವನ್ನು ರೇಷ್ಮೆ ನಿಧಾನವಾಗಿ ಕಲಿಯಿತು. ವಿಮಾನಕ್ಕೆ ಅಷ್ಟು ಪುರುಸೊತ್ತು ಇರಲಿಲ್ಲ, ಅಥವಾ ಇಲ್ಲವೆಂದು ನಾವು ಅಂದುಕೊಂಡೆವು.

ಇನ್ನು ಮಾರುತ. ಐವತ್ತರ ದಶಕದ ಮಧ್ಯದಲ್ಲಿ ವಾಯುಪಡೆ ಕೇಳಿದ್ದು ಒಂದೇ ವಿಮಾನದಲ್ಲಿ ಎರಡು ಕೆಲಸ. ಎತ್ತರದಲ್ಲಿ ಬರುವ ಶತ್ರು ವಿಮಾನವನ್ನು ದಾರಿಯಲ್ಲೇ ಅಡ್ಡಗಟ್ಟುವ ಇಂಟರ್‌ಸೆಪ್ಟರ್ ಆಗಬೇಕು, ತಗ್ಗಿನಲ್ಲಿ ಹಾರಿ ನೆಲದ ಗುರಿಗಳನ್ನೂ ಹೊಡೆಯಬೇಕು. ವೇಗ ಶಬ್ದದ ಎರಡು ಪಟ್ಟು, ಏರುವ ಎತ್ತರ 60,000 ಅಡಿ, ಹೋಗಿ ಹೊಡೆದು ಮರಳುವ ವ್ಯಾಪ್ತಿ 500 ಮೈಲಿ. ಇಂಟರ್‌ಸೆಪ್ಟರ್ ಎಂಬುದು ಮೂಲತಃ ಗಡಿಯಾರದ ಜೊತೆಗಿನ ಓಟ. ರೇಡಾರಿನಲ್ಲಿ ಶತ್ರು ಕಂಡ ಕ್ಷಣದಿಂದ ಅವನು ಬಾಂಬು ಹಾಕುವ ಕ್ಷಣದೊಳಗೆ ನೆಲ ಬಿಟ್ಟು ಅವನ ಎತ್ತರ ಮುಟ್ಟಬೇಕು. ಆ ನಿಮಿಷಗಳನ್ನು ಉಳಿಸುವುದು ಮೂಗಿನ ಚೂಪಲ್ಲ, ರೆಕ್ಕೆಯ ಓರೆಯೂ ಅಲ್ಲ; ಬಾಲದಿಂದ ಹೊರಡುವ ತಳ್ಳುಬಲ. 1956ರ ಆಗಸ್ಟಿನಲ್ಲಿ ಈ ಕೆಲಸಕ್ಕೆ ಬೆಂಗಳೂರಿಗೆ ಬಂದವರು ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190ರ ಕರ್ತೃ, ಆಮೇಲೆ ಅರ್ಜೆಂಟೀನಾದಲ್ಲಿ ಪುಲ್ಕಿ ಜೆಟ್ ರೂಪಿಸಿದವರು. ಅವರ ಜೊತೆ ಜರ್ಮನ್ ಎಂಜಿನಿಯರುಗಳ ಒಂದು ತಂಡ. ಇಲ್ಲಿದ್ದವರೂ ಕಡಿಮೆಯವರಲ್ಲ. ಗಟ್ಟಿಂಗನ್‌ನಲ್ಲಿ ವಾಯುಗತಿ ವಿಜ್ಞಾನಿ ಪ್ರಾಂಟ್ಲ್ ಬಳಿ ಕಲಿತ ವಿ.ಎಂ. ಘಾಟಗೆ ಆಗಲೇ ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದ್ದರು, ಅದು 1951ರ ಆಗಸ್ಟಿನಲ್ಲಿ ಹಾರಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗ 1942ರಿಂದಲೇ ಹುಡುಗರನ್ನು ತಯಾರು ಮಾಡುತ್ತಿತ್ತು.

ಈ ತಂಡ ಮೊದಲು ಹಾರಿಸಿದ್ದು ಏನನ್ನು ಎಂಬುದರಲ್ಲಿ ಇಡೀ ಕಥೆಯ ಸಾರವಿದೆ. 1959ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಡಕೋಟಾ ವಿಮಾನವೊಂದು ಹಗ್ಗ ಕಟ್ಟಿ ಇನ್ನೊಂದು ವಿಮಾನವನ್ನು ಎಳೆದುಕೊಂಡು ಏರಿತು. ಎಳೆಸಿಕೊಂಡದ್ದು ಪೂರ್ತಿ ಮರದ್ದು, ಮಾರುತದ ನಿಜಗಾತ್ರದ ಪ್ರತಿರೂಪ. ಹಿಂದಕ್ಕೆ ಓರೆಯಾದ ರೆಕ್ಕೆ, ಉದ್ದ ಮೂಗು, ಗಾಳಿ ಒಳಗೆಳೆಯುವ ಎರಡು ಬಾಯಿ, ಎಲ್ಲ ಇದ್ದವು; ಎಂಜಿನ್ ಮಾತ್ರ ಇರಲಿಲ್ಲ. ಎತ್ತರದಲ್ಲಿ ಹಗ್ಗ ಕಳಚಿದೊಡನೆ ಅದು ಹದ್ದಿನಂತೆ ತೇಲುತ್ತ ಇಳಿಯುತ್ತಿತ್ತು. 1960ರ ಮಾರ್ಚಿನವರೆಗೆ ಹೀಗೆ 78 ಬಾರಿ ಹಾರಿ, ರೆಕ್ಕೆ ಹೇಗೆ ವರ್ತಿಸುತ್ತದೆ, ಚುಕ್ಕಾಣಿಗೆ ಹೇಗೆ ಓಗೊಡುತ್ತದೆ ಎಂಬುದನ್ನು ತಿಳಿಸಿಕೊಟ್ಟಿತು. ಇದು ಬಡತನದ ಜಾಣ್ಮೆ. ಶಬ್ದವೇಗವನ್ನು ಮೀರಿದ ಗಾಳಿ ಬೀಸಿ ಮಾದರಿಗಳನ್ನು ಪರೀಕ್ಷಿಸುವ ದೊಡ್ಡ ಗಾಳಿ ಸುರಂಗ ಆಗ ದೇಶದಲ್ಲಿರಲಿಲ್ಲ. ಮರದ ವಿಮಾನ ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿತು. ಆದರೆ ಅದೇ ವಿಮಾನ ಒಂದು ಗುರುತೂ ಹೌದು. ದೇಶದ ಅತಿವೇಗದ ವಿಮಾನ ಉಸಿರಿಲ್ಲದೆ ಮೊದಲು ಹಾರಿತು, ಮುಂದೆ ಹುಡುಕಬೇಕಾದದ್ದು ಉಸಿರನ್ನೇ.

ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸುತ್ತಿದ್ದ ಆರ್ಫಿಯಸ್ 12 ಎಂಬ ಎಂಜಿನ್ನನ್ನು ನಂಬಿ. ಅದರಲ್ಲಿ ಆಫ್ಟರ್‌ಬರ್ನರ್ ಇತ್ತು; ತಳ್ಳುಬಲ 8,000 ಪೌಂಡಿಗೂ ಮಿಕ್ಕಿ. ಜೆಟ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ, ಇಂಧನ ಉರಿಸಿ, ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸಿ ಹಿಂದಕ್ಕೆ ಉಗುಳುತ್ತಾರಷ್ಟೆ. ಉಗುಳುವ ಮುನ್ನ ಅದೇ ಬಿಸಿ ಗಾಳಿಗೆ ಇನ್ನೊಮ್ಮೆ ಇಂಧನ ಚಿಮ್ಮಿಸಿ ಹೊತ್ತಿಸುವ ಏರ್ಪಾಡೇ ಆಫ್ಟರ್‌ಬರ್ನರ್. ಹೇಳಲು ಸುಲಭ. ಬಿರುಗಾಳಿಯಲ್ಲಿ ದೀಪ ಆರದಂತೆ ಕಾಯಬೇಕು, ಉರಿ ಹೆಚ್ಚಿದಂತೆ ಬಾಲದ ಬಾಯಿ ಅಗಲವಾಗಬೇಕು, ಒತ್ತಡ ಹಿಂದಕ್ಕೆ ಹಾಯ್ದು ಮುಂದಿನ ಚಕ್ರಗಳ ಉಸಿರು ಕಟ್ಟಿಸಬಾರದು. ಬ್ರಿಟನ್ನಿಗೆ ಆ ಎಂಜಿನ್ನಿನ ಮೇಲೆ ಆಸಕ್ತಿ ಉಳಿಯಲಿಲ್ಲ. ಬೇಕಿದ್ದರೆ ಅಭಿವೃದ್ಧಿಯ ವೆಚ್ಚವನ್ನು ನೀವೇ ಭರಿಸಿ ಎಂಬ ಮಾತು ಬಂತು, ದಿಲ್ಲಿ ಒಪ್ಪಲಿಲ್ಲ. ಕೊನೆಗೆ ಮಾರುತಕ್ಕೆ ಹೊಂದಿಸಿದ್ದು ಪುಟ್ಟ ನ್ಯಾಟ್ ವಿಮಾನಕ್ಕೆಂದು ತಂದ ಆರ್ಫಿಯಸ್ ಎಂಜಿನ್ನಿನದೇ ಇನ್ನೊಂದು ರೂಪವಾದ 703, ಆಫ್ಟರ್‌ಬರ್ನರ್ ಇಲ್ಲದ್ದು, ಒಂದೊಂದಕ್ಕೆ 4,850 ಪೌಂಡು. ಎರಡು ಎತ್ತಿನ ಗಾಡಿಗೆ ಎರಡು ಕರು ಹೂಡಿದ ಹಾಗೆ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಆಗ ನೂರರ ಆಸುಪಾಸಿನಲ್ಲಿದ್ದ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲೇ ಇದ್ದರು; ಮರುವರ್ಷ ತೀರಿಕೊಂಡು ಮುದ್ದೇನಹಳ್ಳಿಯ ಮಣ್ಣು ಸೇರಿದರು.

ಉಸಿರಿನ ಹುಡುಕಾಟ ಮುಂದಿನ ಹತ್ತು ವರ್ಷ ಊರೂರು ಅಲೆಯಿತು. ರಷ್ಯದ ಎಂಜಿನ್ ನೋಡಿದರು, ಒಗ್ಗಲಿಲ್ಲ. ಈಜಿಪ್ಟಿನಲ್ಲಿ ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ರೂಪಿಸುತ್ತಿದ್ದರು. ನಮ್ಮ ಮಾರುತವೊಂದನ್ನು ಹೆಲ್ವಾನ್‌ಗೆ ಕಳಿಸಿ, ಅದರಲ್ಲಿ ಆ ಎಂಜಿನ್ ಕೂರಿಸಿ 1967ರ ಮಾರ್ಚಿನಲ್ಲಿ ಹಾರಿಸಿದ್ದೂ ಆಯಿತು. ಮೂರು ತಿಂಗಳಿಗೆ ಇಸ್ರೇಲಿನೊಂದಿಗೆ ಯುದ್ಧ, ಈಜಿಪ್ಟಿನ ಯೋಜನೆ ಕ್ರಮೇಣ ಮುಚ್ಚಿತು. ಅದೇ ವರ್ಷ ಟ್ಯಾಂಕ್ ಭಾರತ ಬಿಟ್ಟರು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಆರ್ಫಿಯಸ್‌ಗೆ ತಾನೇ ಆಫ್ಟರ್‌ಬರ್ನರ್ ಜೋಡಿಸಲು ಹೊರಟಿತು. ಅಂಥದೊಂದು ಮಾದರಿಯನ್ನು ಹಾರಿಸುವಾಗ 1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲೇ ಪ್ರಾಣ ಕಳೆದುಕೊಂಡರು. ನಗರದ ಪೂರ್ವದಲ್ಲಿ ಅವರ ಹೆಸರಿನ ರಸ್ತೆಯಿದೆ. ಅಲ್ಲಿ ಓಡಾಡುವ ಬಹುತೇಕರಿಗೆ ಅದು ಬಸ್ ನಿಲ್ದಾಣದ ಹೆಸರು.

ಈಗ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ನನ್ನ ವಾದ ನಿಲ್ಲುವುದೂ ಬೀಳುವುದೂ ಇವುಗಳ ಮೇಲೆ. ಶಬ್ದದ ಎರಡರಷ್ಟು ವೇಗದ ವಿಮಾನದ ವಿನ್ಯಾಸಕ್ಕೆ ಕೈ ಹಾಕಿದ್ದು 1956. ಜೆಟ್ ಎಂಜಿನ್ ಅಧ್ಯಯನಕ್ಕೆಂದು ಕಾನ್ಪುರದಲ್ಲಿ ಪುಟ್ಟ ಕೇಂದ್ರ ತೆರೆದದ್ದು 1959, ಅದು ಬೆಂಗಳೂರಿಗೆ ಬಂದದ್ದು 1961, ಎಂದರೆ ಮಾರುತ ಹಾರಿದ ವರ್ಷವೇ. ವೈಮಾನಿಕ ಸಂಶೋಧನೆಗೆ ರಾಷ್ಟ್ರೀಯ ಪ್ರಯೋಗಾಲಯ ಸ್ಥಾಪನೆಯಾದದ್ದೂ 1959. ಶಬ್ದವೇಗದ ಆಚೀಚೆ ಎರಡೂ ಕಡೆ ಗಾಳಿ ಬೀಸಬಲ್ಲ ಅದರ 1.2 ಮೀಟರ್ ಸುರಂಗ ಚಾಲೂ ಆದದ್ದು 1967, ಮಾರುತದ ಮೊದಲ ಸ್ಕ್ವಾಡ್ರನ್ ಸಜ್ಜಾದ ವರ್ಷ. ಎಂಜಿನ್ನಿನ ಬಿಸಿ ಭಾಗಗಳಿಗೆ ಬೇಕಾದ ವಿಶೇಷ ಮಿಶ್ರಲೋಹಗಳಿಗಾಗಿ ಹೈದರಾಬಾದಿನಲ್ಲಿ ಮಿಧಾನಿ ಹುಟ್ಟಿದ್ದು 1973. ಎಂದರೆ ಮೊದಲು ವಿಮಾನ, ಆಮೇಲೆ ಎಂಜಿನ್ ಶಾಲೆ, ಆಮೇಲೆ ಗಾಳಿ ಸುರಂಗ, ಎಲ್ಲಕ್ಕಿಂತ ಕೊನೆಗೆ ಲೋಹ. ಬೇಸಾಯ ಬಲ್ಲ ಯಾರಿಗಾದರೂ ಇದು ವಿಚಿತ್ರವಾಗಿ ಕಾಣಬೇಕು: ಕೊಯ್ಲಿಗೆ ದಿನ ಗೊತ್ತು ಮಾಡಿ, ಬಿತ್ತಿ, ಅದಾದ ಮೇಲೆ ಬಾವಿ ತೋಡಿದ್ದೇವೆ. ಆಯಾ ಸಂಸ್ಥೆಯಲ್ಲಿ ದುಡಿದವರ ತಪ್ಪು ಇದರಲ್ಲಿಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನ ಹುಟ್ಟಿನ ದಿನದಿಂದಲೇ ತಡವಾಗಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕಾರಿನ ಎಂಜಿನ್ನಿಗೂ ಜೆಟ್ ಎಂಜಿನ್ನಿಗೂ ಏನು ಸಂಬಂಧ? 1936ರಲ್ಲಿ ಕಾರ್ಖಾನೆ ಆಗಿದ್ದರೂ 1956ರಲ್ಲಿ ಆಫ್ಟರ್‌ಬರ್ನರ್ ಬರುತ್ತಿತ್ತೇ? ನೇರವಾಗಿ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಇಟಲಿ ಕಾರು ಬಲ್ಲ ದೇಶ, ಆದರೂ ಅದರ ಜೆಟ್ ವಿಮಾನಗಳು ಬ್ರಿಟಿಷ್, ಅಮೆರಿಕನ್ ಎಂಜಿನ್ನುಗಳಲ್ಲಿ ಹಾರಿದವು. ಆದರೆ ಸ್ವೀಡನ್ನನ್ನು ನೋಡಿ. ಜನಸಂಖ್ಯೆಯಲ್ಲಿ ಹಳೆಯ ಮೈಸೂರು ಸಂಸ್ಥಾನಕ್ಕಿಂತ ಚಿಕ್ಕ ದೇಶ. 1930ರಿಂದಲೇ ಬ್ರಿಸ್ಟಲ್ ಕಂಪನಿಯ ಪಿಸ್ಟನ್ ಎಂಜಿನ್ನುಗಳನ್ನು ಮಾಡುತ್ತ ಕೈ ಪಳಗಿಸಿಕೊಂಡಿತ್ತು. ಜೆಟ್ ಕಾಲ ಬಂದಾಗ ಅದೂ ನಮ್ಮಂತೆ ಬ್ರಿಟನ್ನಿನಿಂದಲೇ ಪರವಾನಗಿ ತಂದಿತು, ರೋಲ್ಸ್‌ರಾಯ್ಸಿನ ಏವನ್ ಎಂಜಿನ್. ವ್ಯತ್ಯಾಸವೆಂದರೆ, ಅದಕ್ಕೆ ಹೊಂದುವ ಆಫ್ಟರ್‌ಬರ್ನರನ್ನು ತಾನೇ ರೂಪಿಸಿ ಡ್ರಾಕನ್ ಎಂಬ ಇಂಟರ್‌ಸೆಪ್ಟರ್ ಹಾರಿಸಿತು, ಅದು ಶಬ್ದದ ಎರಡರಷ್ಟು ವೇಗ ಮುಟ್ಟಿತು. ಪರವಾನಗಿ ಒಂದೇ, ಫಲ ಬೇರೆ. ಏಕೆಂದರೆ ಅಲ್ಲಿ ನಕ್ಷೆ ಬಂದಾಗ ಅದನ್ನು ಓದುವವರು ಕಾಲು ಶತಮಾನದಿಂದ ಅದೇ ಕೆಲಸದಲ್ಲಿದ್ದರು. ಬೆಂಗಳೂರಿನಲ್ಲಿ 1957ರಲ್ಲಿ ಎಂಜಿನ್ ವಿಭಾಗ ಆದದ್ದೇ ಆರ್ಫಿಯಸ್ ಮಾಡಲು. ಅಲ್ಲಿನ ಕೆಲಸಗಾರರು ಅದನ್ನು ಚೊಕ್ಕವಾಗಿಯೇ ಮಾಡಿದರು. ಆದರೆ ನಕ್ಷೆ ಹೇಳುವುದು ಇಂಥ ಅಂಚು ಇಷ್ಟು ಅಳತೆಗಿರಲಿ ಎಂದು. ಅಷ್ಟೇ ಏಕೆ, ಇನ್ನಷ್ಟು ತೆಳುವಾದರೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಒಡೆದು, ಸುಟ್ಟು, ಕೆಡಿಸಿ ಕಲಿಯಬೇಕು.

ಎರಡನೆಯ ಆಕ್ಷೇಪ ಹಣದ್ದು. 1957ರ ಹೊತ್ತಿಗೆ ವಿದೇಶಿ ವಿನಿಮಯ ಬರಿದಾಗುತ್ತಿತ್ತು, ಧಾನ್ಯಕ್ಕೆ ಅಮೆರಿಕದ ಮುಂದೆ ಕೈಯೊಡ್ಡಿದ್ದ ದೇಶ ಎಂಜಿನ್ನಿಗೆ ಪೌಂಡುಗಳನ್ನು ಎಲ್ಲಿಂದ ತರಬೇಕಿತ್ತು ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಹಣವಿಲ್ಲದ ಮನೆ ಮೊದಲು ಮಾಡಬೇಕಾದದ್ದು ಆಸೆಯ ಅಳತೆಯನ್ನು ಕಡಿಮೆ ಮಾಡುವುದು. ಎರಡು ಪಟ್ಟು ಶಬ್ದವೇಗದ ಬೇಡಿಕೆಯನ್ನು ಇಟ್ಟುಕೊಂಡು ಅದಕ್ಕೆ ಬೇಕಾದ ಎಂಜಿನ್ನನ್ನು ಮಾತ್ರ ಬಿಡುವುದು ಉಳಿತಾಯವಲ್ಲ. ಆರ್ಫಿಯಸ್ 12ಕ್ಕೆ ದುಡ್ಡು ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತೆಂಬ ಎದುರು ಮಾತನ್ನೂ ನಾನು ನಂಬುವುದಿಲ್ಲ. ಮಾರುತ ವೇಗವಾಗಿ ಹಾರುತ್ತಿತ್ತು, ನಿಜ. ಮುಂದಿನ ವಿಮಾನಕ್ಕೆ ಮುಂದಿನ ಎಂಜಿನ್ ಬೇಕಾದಾಗ ಮತ್ತೆ ಅದೇ ಬಾಗಿಲಿನಲ್ಲಿ ನಿಂತಿರುತ್ತಿದ್ದೆವು.

ಮೂರನೆಯದು, 1962ರ ನಂತರ ಕಾಯಲು ಸಮಯವಿತ್ತೇ ಎಂಬುದು. ಪಾಕಿಸ್ತಾನದ ಕೈಯಲ್ಲಿ ಅಮೆರಿಕದ ಸ್ಟಾರ್‌ಫೈಟರ್ ಬಂದಿತ್ತು, ಉತ್ತರದಲ್ಲಿ ಚೀನಾ. ಅಂಥ ಹೊತ್ತಿನಲ್ಲಿ ರಷ್ಯದ ಮಿಗ್-21ನ್ನು ಆರಿಸಿಕೊಂಡದ್ದು ತಪ್ಪಲ್ಲ. ಇಂಟರ್‌ಸೆಪ್ಟರ್ ಕೆಲಸವನ್ನು ಅದು ಆರು ದಶಕ ಹೊತ್ತು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ನನ್ನ ತಕರಾರು ಕೊಂಡದ್ದರ ಬಗ್ಗೆ ಅಲ್ಲ. ಕೊಳ್ಳುವ ಖಾತೆ ಬೇರೆ, ಕಲಿಯುವ ಖಾತೆ ಬೇರೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಹೊಡೆದುಹಾಕಿದ್ದು ತಪ್ಪು. ಮಿಗ್ ಬಂತೆಂದ ಮೇಲೆ ಮಾರುತಕ್ಕೆ ಹೊಸ ಎಂಜಿನ್ ಹುಡುಕುವ ಅವಸರ ಯಾರಿಗೂ ಉಳಿಯಲಿಲ್ಲ.

ಇನ್ನೊಂದು ಆಕ್ಷೇಪ ಸೈನಿಕರಿಂದ ಬರುತ್ತದೆ, ಅದಕ್ಕೆ ತಲೆಬಾಗಲೇಬೇಕು. ಮಾರುತ ಸೋತಿತೆಂದು ಯಾರು ಹೇಳಿದರು? 147 ವಿಮಾನಗಳು ತಯಾರಾದವು. 1971ರ ಡಿಸೆಂಬರಿನಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್ನುಗಳು ರಾಜಸ್ಥಾನದ ಮರಳಿನ ಮೇಲೆ ತಗ್ಗಾಗಿ ಹಾರಿ ಪಾಕಿಸ್ತಾನದ ರೈಲು, ಟ್ಯಾಂಕು, ಮದ್ದಿನ ದಾಸ್ತಾನುಗಳನ್ನು ಹೊಡೆದವು. ಆಕಾಶದ ಕಾಳಗದಲ್ಲಿ ಶತ್ರು ವಿಮಾನದ ಗುಂಡಿಗೆ ಒಂದೂ ಮಾರುತ ಉರುಳಲಿಲ್ಲ. ಒಂದು ಎಂಜಿನ್ ಏಟು ತಿಂದರೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದ ವಿಮಾನಗಳಿದ್ದವು. ಹಾರಿಸಿದವರು ಅದರ ಸ್ಥಿರತೆಯನ್ನು, ಗಟ್ಟಿ ಮೈಯನ್ನು ಮೆಚ್ಚಿದರು. ಇದೆಲ್ಲ ನಿಜ, ಇದೇ ನನ್ನ ವಾದಕ್ಕೆ ಬಲವಾದ ಸಾಕ್ಷಿಯೂ ಹೌದು. ಮೈ ಮಾಡುವುದನ್ನು ನಾವು ಕಲಿತಿದ್ದೆವು, ಮೈ ಚೆನ್ನಾಗಿಯೇ ಬಂತು. ಗೆದ್ದದ್ದು ತಗ್ಗಿನ ದಾಳಿಯ ವಿಮಾನ. ಕೇಳಿದ್ದ ಇಂಟರ್‌ಸೆಪ್ಟರ್ ಹುಟ್ಟಲೇ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ಪರಂಪರೆ ಕಡಿದುಹೋದದ್ದು. ಮಾರುತ ಹಾರಿದ ಮೇಲೆ ನಮ್ಮದೇ ವಿನ್ಯಾಸದ ಮುಂದಿನ ಯುದ್ಧವಿಮಾನ ತೇಜಸ್ ಬೆಂಗಳೂರಿನಲ್ಲಿ ನೆಲ ಬಿಟ್ಟದ್ದು 2001ರ ಜನವರಿ 4ರಂದು. ನಡುವೆ ಮೂವತ್ತೊಂಬತ್ತೂವರೆ ವರ್ಷ. ಮೊದಲನೆಯದನ್ನು ಮಾಡಿದ ಕೈಗಳು ಅಷ್ಟರಲ್ಲಿ ನಿವೃತ್ತಿ ವೇತನ ತೆಗೆದುಕೊಳ್ಳುತ್ತಿದ್ದವು.

ಹೊರಗಿನ ನೆರವು ಪಡೆದರೆ ಕಲಿಕೆ ಆಗುವುದೇ ಇಲ್ಲವೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಗೌರಿಬಿದನೂರಿನ ಬಂಡೆಗಳ ನಡುವೆ ಅದೇ ಅರವತ್ತರ ದಶಕದ ಬೇರೆಯದೇ ಪಾಠವಿದೆ. 1965ರಲ್ಲಿ ಅಣುಶಕ್ತಿ ಇಲಾಖೆ ಬ್ರಿಟಿಷರ ಸಹಯೋಗದಲ್ಲಿ ಅಲ್ಲಿ ಭೂಕಂಪನ ಮಾಪಕಗಳ ಸಾಲನ್ನು ನೆಟ್ಟಿತು. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳು, ಒಂದೊಂದು ತೋಳೂ ಹೊಲಗದ್ದೆಗಳ ನಡುವೆ ಹತ್ತಾರು ಕಿಲೋಮೀಟರ್ ಚಾಚಿದ್ದು. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಅದರ ಕೆಲಸ. ಉಪಕರಣ ಹೊರಗಿನದು, ಆದರೆ ಗೆರೆಗಳನ್ನು ಓದುವ ವಿದ್ಯೆಯನ್ನು ಯಾರೂ ಪೆಟ್ಟಿಗೆಯಲ್ಲಿ ಕಳಿಸುವಂತಿರಲಿಲ್ಲ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಹಗಲಿರುಳು ಕೂತು ಅದನ್ನು ಕಲಿಯಬೇಕಾಯಿತು. ಹನ್ನೊಂದು ವರ್ಷದ ಮೇಲೆ, 1976ರಲ್ಲಿ, ಅದೇ ತಾಲ್ಲೂಕಿನ ಬಯಲಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಸಾವಿರ ತಂತಿ ಆಂಟೆನಾಗಳನ್ನು ನೆಟ್ಟು ರೇಡಿಯೋ ದೂರದರ್ಶಕವನ್ನೇ ಕಟ್ಟಿದವು, ಆಕಾಶದ ನಕಾಶೆ ಬರೆದವು. ಅಲ್ಲಿ ಯಾರಿಗೂ ಮೆರವಣಿಗೆಯ ದಿನಾಂಕ ಗೊತ್ತಾಗಿರಲಿಲ್ಲ. ದಿನವೂ ಒಂದಿಷ್ಟು ಅಳೆದು, ತಪ್ಪನ್ನು ತಿದ್ದಿ, ಮರುದಿನ ಮತ್ತೆ ಅಳೆಯುವ ಕೆಲಸ. ಜಗತ್ತಿನ ಅತಿವೇಗದ ಯಂತ್ರಗಳೂ ಇಂಥ ನಿಧಾನದ ಮನೆಗಳಲ್ಲೇ ಹುಟ್ಟಿವೆ.

ಹಳೆಯ ಸರದಿ ಈಗ ಬದಲಾಗಿದೆಯೇ? ತೇಜಸ್‌ಗಾಗಿ ಕಾವೇರಿ ಎಂಬ ಎಂಜಿನ್ನಿಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ವಿಮಾನದ ಯೋಜನೆ ಶುರುವಾದ ಮೇಲೆಯೇ, ಆದರೂ ಮಾರುತದ ಕಾಲಕ್ಕೆ ಹೋಲಿಸಿದರೆ ಬೇಗ. ಎತ್ತರದ ತೆಳು ಗಾಳಿಯಲ್ಲಿ ಅದು ಹೇಗೆ ಉರಿಯುತ್ತದೆಂದು ನೋಡಲು ರಷ್ಯಕ್ಕೆ ಒಯ್ಯಬೇಕಾಯಿತು, ಆ ಪರೀಕ್ಷಾಗಾರ ಇಲ್ಲಿರಲಿಲ್ಲ. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್ ಹಾರುತ್ತಿರುವುದು ಅಮೆರಿಕದ ಜಿಇ ಕಂಪನಿಯ 404 ಎಂಜಿನ್ನಿನಲ್ಲಿ. 2021ರಲ್ಲಿ 83 ಹೊಸ ತೇಜಸ್‌ಗಳಿಗೆ ಬೇಡಿಕೆ ಕೊಟ್ಟ ಮೇಲೆ 99 ಎಂಜಿನ್‌ಗಳಿಗೆ ಒಪ್ಪಂದವಾಯಿತು. ಅವುಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಮೈಗಳು ಸಿದ್ಧವಾಗಿ ಉಸಿರಿಗೆ ಕಾದು ಕೂತ ದೃಶ್ಯ ನಮಗೆ ಹೊಸದೇನಲ್ಲ. ಮುಂದಿನ ತಲೆಮಾರಿನ ಎಎಂಸಿಎ ವಿಮಾನಕ್ಕೆ 2024ರಲ್ಲಿ ಸಂಪುಟ ಸಮಿತಿ ಸುಮಾರು 15,000 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ. ಅದರ ಮೊದಲ ರೂಪಕ್ಕೆ ಮತ್ತೆ ಅಮೆರಿಕದ ಎಂಜಿನ್. ಫ್ರಾನ್ಸಿನ ಸಾಫ್ರಾನ್ ಜೊತೆ ಕೂತು ಭಾರತದಲ್ಲೇ ಹೊಸ ಎಂಜಿನ್ ರೂಪಿಸುವ ಮಾತನ್ನು ರಕ್ಷಣಾ ಸಚಿವರು 2025ರಲ್ಲಿ ಆಡಿದ್ದಾರೆ. ಈ ಮಾತು ಸ್ವೀಡನ್ನಿನ ದಾರಿಯೋ ಆರ್ಫಿಯಸ್‌ನ ದಾರಿಯೋ ಎಂಬುದು ಒಪ್ಪಂದದ ಮೊತ್ತದಲ್ಲಿ ಗೊತ್ತಾಗುವುದಿಲ್ಲ. ಟರ್ಬೈನಿನ ಒಂದು ಎಲೆಯನ್ನು ತೆಗೆದುಕೊಳ್ಳಿ. ಅಂಗೈಗಿಂತ ಚಿಕ್ಕದು; ಅದನ್ನು ಸುತ್ತುವ ಅನಿಲದ ಬಿಸಿ ಆ ಲೋಹ ಕರಗುವ ಬಿಸಿಗಿಂತ ಹೆಚ್ಚು. ಒಳಗೆ ಕೊರೆದ ಸೂಜಿಗಣ್ಣಿನಂಥ ದಾರಿಗಳಲ್ಲಿ ತಣ್ಣನೆಯ ಗಾಳಿ ಹರಿದು ಅದನ್ನು ಉಳಿಸುತ್ತದೆ. ಇಡೀ ಎಲೆ ಒಂದೇ ಹರಳಾಗಿ ಬೆಳೆಯಬೇಕು. ಅದನ್ನು ಎರಕ ಹೊಯ್ಯುವ ಮನೆಯಲ್ಲಿ ಕೆಟ್ಟುಹೋದ ಎಲೆಗಳ ರಾಶಿ ಎಷ್ಟು ಎತ್ತರ ಬೆಳೆಯಿತು, ಆ ರಾಶಿಯ ಲೆಕ್ಕ ಕೇಳದೆ ಕಾಯುವ ತಾಳ್ಮೆ ಖಜಾನೆಗೆ ಇತ್ತೇ ಎಂಬುದರಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಹೊಸ ಇಂಟರ್‌ಸೆಪ್ಟರ್ ಬಗ್ಗೆ ಸುದ್ದಿ ಬಂದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಅದು ಎಷ್ಟು ವೇಗವಾಗಿ ಹಾರುತ್ತದೆ ಎಂಬುದಲ್ಲ. ಅದು ಹಾರುವ ಇಸವಿಗಿಂತ ಎಷ್ಟು ವರ್ಷ ಮೊದಲು ಎಂಜಿನ್ನಿನ ಪರೀಕ್ಷಾಗಾರ ಬಾಗಿಲು ತೆರೆಯುತ್ತದೆ ಎಂಬುದು. 1956ರ ಬೆಂಗಳೂರಿನಲ್ಲಿ ಆ ಪ್ರಶ್ನೆಗೆ ಉತ್ತರ ಸೊನ್ನೆಗಿಂತ ಕೆಳಗಿತ್ತು: ಮೊದಲು ರೆಕ್ಕೆ, ಐದು ವರ್ಷದ ಮೇಲೆ ಎಂಜಿನ್ ಶಾಲೆ, ಹನ್ನೊಂದು ವರ್ಷದ ಮೇಲೆ ಗಾಳಿ ಸುರಂಗ, ಹದಿನೇಳು ವರ್ಷದ ಮೇಲೆ ಲೋಹ. ಅಷ್ಟನ್ನೂ ಮೀರಿ ಆ ಮರದ ವಿಮಾನ ಎಪ್ಪತ್ತೆಂಟು ಬಾರಿ ಹಗ್ಗ ಕಳಚಿಕೊಂಡು ತೇಲಿ ನೆಲಕ್ಕಿಳಿಯಿತೆಂಬುದು ಅದನ್ನು ಕಟ್ಟಿದ ಬಡಗಿಗಳಿಗೂ ಎಂಜಿನಿಯರುಗಳಿಗೂ ಸಲ್ಲಬೇಕಾದ ಗೌರವ. ಹಗ್ಗ ಹಿಡಿದು ಎಳೆಯುತ್ತಿದ್ದ ಡಕೋಟಾದಲ್ಲಿ ಎರಡು ಎಂಜಿನ್ನುಗಳಿದ್ದವು, ಅವೆರಡೂ ಅಮೆರಿಕದವು.